ವಿರೋಧಿಯ ಮನೆ ಉಳಿಸಿದ ವಕೀಲರು

ವಕೀಲ ಸಾಹೇಬರ ಎಡಗಿವಿ ಮಂದವಾಗಿತ್ತು. ಯಾರಾದರೂ ಮಾತಾಡತೊಡಗಿದರೆ ಬಲಗಿವಿಯ ಹಿಂದೆ ಅಂಗೈಯನ್ನು ಬಟ್ಟಲಿನಂತೆ ಹಿಡಿದು, ತಲೆ ವಾಲಿಸಿ, ಕಣ್ಣು ಮುಚ್ಚಿಬಿಡುತ್ತಿದ್ದರು. ಹೊಸದಾಗಿ ಬಂದವರು ಇವರಿಗೆ ನಿದ್ದೆ ಹತ್ತಿತೆಂದು ಮಾತು ನಿಲ್ಲಿಸುತ್ತಿದ್ದರು. "ಹೇಳ್ರಿ, ಹೇಳ್ರಿ, ಕೇಳಾಕತ್ತೇನಿ" ಎನ್ನುತ್ತಿದ್ದರು, ಕಣ್ಣು ತೆರೆಯದೆ.

ಹುಟ್ಟಿದ್ದು ಗೋವಾದ ಮಡಗಾಂವದ ಕ್ರೈಸ್ತ ಮನೆತನದಲ್ಲಿ, ಮನೆಮಾತು ಕೊಂಕಣಿ. ಕಾಯ್ದೆ ಓದಿದ್ದು ಮಾತ್ರ ಧಾರವಾಡದಲ್ಲಿ. ಅಲ್ಲಿನ ಖಾನಾವಳಿಯಲ್ಲಿ ರೊಟ್ಟಿಯ ಜೊತೆಗೆ ಕನ್ನಡವನ್ನೂ ಬಡಿಸಿದರು ಎಂದು ನಗುತ್ತಿದ್ದರು. ಹೀಗಾಗಿ ಮಂಗೋರ್ ಹಿಲ್‌ನ ಓಣಿಗಳಲ್ಲಿರುವ ನಮ್ಮ ಕನ್ನಡ ಜನ, ಬಂದರಿನಲ್ಲೋ ಗೌಂಡಿ ಕೆಲಸದಲ್ಲೋ ದುಡಿಯುವವರು, ಕಷ್ಟ ಬಂದರೆ ಅವರ ವಾಸ್ಕೋ ಕಚೇರಿಗೇ ಹೋಗುತ್ತಿದ್ದರು.

ಒಂದು ಕಾಲಕ್ಕೆ ಅವರು ಮಂತ್ರಿಯೂ ಆಗಿದ್ದರು. ಊರಿನ ಸಾಮೂಹಿಕ ಜಮೀನನ್ನು ಬಿಲ್ಡರನೊಬ್ಬನಿಗೆ ಕೊಡಲು ರುಜು ಹಾಕಿರೆಂದು ಸ್ವಂತ ಪಕ್ಷದವರೇ ಒತ್ತಾಯಿಸಿದಾಗ ರಾಜೀನಾಮೆ ಕೊಟ್ಟು, ಮರುದಿನ ಬಸ್ಸು ಹಿಡಿದು ಬಂದು ಕಚೇರಿಯ ಬೀಗ ತೆಗೆದರಂತೆ. ಇದನ್ನು ಬೇರೆಯವರಿಂದ ಕೇಳಿದ್ದೇನೆ. ಅವರಾಗಿ ಒಮ್ಮೆಯೂ ಹೇಳಲಿಲ್ಲ.

ಕಾಯ್ದೆ ಮುಗಿಸಿ ನಾನು ಅವರ ಕೈಕೆಳಗೆ ಸೇರಿದ ಹೊಸತರಲ್ಲಿ ಒಬ್ಬ ಪುಢಾರಿ ಕಚೇರಿಗೆ ಬಂದ. ಘಟ್ಟದ ಮೇಲಿನಿಂದ ಬಂದ ನಮ್ಮನ್ನು 'ಘಾಟಿಗಳು' ಎಂದು ಹೀಯಾಳಿಸಿ, ಓಡಿಸಿ ಎಂದು ಭಾಷಣ ಮಾಡುತ್ತಿದ್ದವನು. ಸಾಹೇಬರನ್ನೂ ಘಾಟಿಗಳ ಏಜೆಂಟ ಎಂದು ಜರಿದವನು. ಈಗ ರಸ್ತೆ ಅಗಲ ಮಾಡುವವರು ನೋಟೀಸನ್ನೂ ಕೊಡದೆ ಅವನ ಹಳೆಯ ಮನೆಗೆ, ಒಡೆಯಲೆಂದು, ಕೆಂಪು ಗುರುತು ಹಾಕಿ ಹೋಗಿದ್ದರು. ಒಳಗೆ ಹಾಸಿಗೆ ಹಿಡಿದ ತಾಯಿ. ಸಾಹೇಬರು ಪೂರ್ತಿ ಕೇಳಿಸಿಕೊಂಡು ಕೇಸು ಹಿಡಿದರು.

ಅವನು ಹೊರಟ ಮೇಲೆ ನಾನು ಸಿಟ್ಟಿನಿಂದ, "ಸರ್, ನಮ್ಮನ್ನ ಓಡಸಾಕ ನಿಂತಾಂವ ಅವ" ಎಂದೆ.

"ಖರೇ. ಹೇಳದ ಕೇಳದ ಯಾರ ಮನಿನೂ ಒಡೀಬಾರ್ದು ಅಂತ ನಿಮ್ಮ ಸಲುವಾಗಿ ಎಷ್ಟ ಸಲ ವಾದ ಮಾಡೇನಿ. ಇವನ ಸಲುವಾಗಿ ಬ್ಯಾರೆ ಕಾಯ್ದೆ ಎಲ್ಲಿಂದ ತರ್ಲಿ, ತಂಗಿ?" ಎಂದರು. ಕಾಗದಪತ್ರಗಳನ್ನು ನನ್ನತ್ತ ಸರಿಸಿ, "ಈ ಕೇಸು ನೀನ ನಡಸು. ಮನಸ್ಸಿಲ್ಲಂದ್ರ ನಾ ಇದ್ದೇನಿ" ಎಂದರು.

ಮನಸ್ಸಿರಲಿಲ್ಲ. ಆದರೆ ಆ ಮನೆಗೆ ಹೋದಾಗ ಮುದುಕಿ ನನ್ನ ಕೈ ಹಿಡಿದು, ಮಂಚ ಎಲ್ಲಿಗೆ ಒಯ್ಯುತ್ತಾರೆ ಎಂದು ಕೊಂಕಣಿಯಲ್ಲಿ ಕೇಳಿದಳು. ಒಪ್ಪಿಕೊಂಡೆ. ಅವ್ವ ಸಿಡಿದೆದ್ದಳು. "ಅವನ ಪರವಾಗಿ ನಿಂತ್ರ ಓಣ್ಯಾಗ ನಾ ಹೆಂಗ ಮಾರಿ ತೋರಸ್ಲಿ?" ಎಂದವಳು ಎಷ್ಟೋ ದಿನ ನನ್ನೊಡನೆ ಮಾತು ಬಿಟ್ಟಳು.

ಕೋರ್ಟಿನಲ್ಲಿ ನಾನು ತಡವರಿಸುತ್ತಲೇ ವಾದ ಮಾಡಿದೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಸಾಹೇಬರು ಏಳಲೇ ಇಲ್ಲ. ನೋಟೀಸು ಕೊಟ್ಟು, ಮನೆಯವರ ಮಾತು ಕೇಳಿದ ಹೊರತು ಗೋಡೆ ಮುಟ್ಟಬಾರದೆಂದು ಆದೇಶವಾಯಿತು.

ಮುಂದಿನ ಬೇಸಿಗೆಯಲ್ಲಿ ಒಡೆಯುವ ಯಂತ್ರ ನಮ್ಮ ಓಣಿಯ ಬಾಯಿಗೇ ಬಂದು ನಿಂತಿತು. ಅದೇ ಆದೇಶ ಹಿಡಿದುಕೊಂಡು ಕೋರ್ಟಿಗೆ ಓಡಿದೆ. ಸಂಜೆಯೊಳಗೆ ತಡೆ ಸಿಕ್ಕಿತು. ಮುಂದೆ ವಿಚಾರಣೆ ನಡೆದು, ನಮ್ಮದೂ ಸೇರಿ ಹೆಚ್ಚಿನ ಮನೆಗಳು ಉಳಿದವು. ರಸ್ತೆಗೆ ಸಿಕ್ಕ ಕೆಲವರಿಗೆ ಬದಲಿ ಜಾಗ ಬಂತು.

ಪುಢಾರಿ ಬದಲಾಗಲಿಲ್ಲ. ಚುನಾವಣೆ ಬಂದಾಗ ಮತ್ತೆ ಅದೇ ಭಾಷಣ. ನಾನು ಹೇಳಿದಾಗ ಸಾಹೇಬರು ಹೊಟ್ಟೆ ಕುಲುಕಿಸಿ ನಕ್ಕರು. "ನಾವು ಉಳಿಸಿದ್ದು ಅವನ ಮನಿ, ತಂಗಿ. ನಾಲಿಗಿ ಅಲ್ಲ."

ಅವ್ವ ಶೇಂಗಾ ಹೋಳಿಗೆ ಮಾಡಿಕೊಂಡು ಅವರ ಮನೆಗೆ ಹೋದಳು. "ಸಾಹೇಬ್ರ, ನಮ್ಮ ಮನಿ ಉಳಿಸಿದ್ರಿ" ಎಂದು ಕೈ ಮುಗಿದಳು.

"ನಾ ಸುಮ್ನ ಕುಂತಿದ್ದೆ ಅಕ್ಕಾರ. ಮಾತಾಡಿದಾಕಿ ಇಕಿ" ಎಂದು ನನ್ನತ್ತ ತೋರಿಸಿ, ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡರು. ಇವತ್ತು ನನ್ನನ್ನು ಜನ ವಕೀಲಬಾಯಿ ಎಂದು ಹುಡುಕಿಕೊಂಡು ಬರುತ್ತಾರೆ. ಆ ಹೆಸರು ಸಾಹೇಬರು ಕೊಟ್ಟದ್ದು.

ಹೋದ ವರ್ಷ ಮಧ್ಯಾಹ್ನ ಉಂಡು ಅಡ್ಡಾದವರು ಮತ್ತೆ ಏಳಲಿಲ್ಲ. ತುಂಬಿದ ಬದುಕು, ಹಗುರಾದ ಸಾವು. ಅವರ ಅಂತ್ಯಕ್ರಿಯೆಯ ದಿನ ಅವ್ವ ಜೀವನದಲ್ಲೇ ಮೊದಲ ಸಲ ಚರ್ಚಿನೊಳಗೆ ಕಾಲಿಟ್ಟಳು. ಯಾವಾಗ ನಿಲ್ಲಬೇಕು, ಯಾವಾಗ ಕೂಡಬೇಕು ತಿಳಿಯದೆ, ಮುಂದಿನ ಸಾಲಿನವರನ್ನು ನೋಡಿ ನೋಡಿ ನಿಲ್ಲುತ್ತ ಕೂಡುತ್ತ, ಕೊನೆಯ ಪ್ರಾರ್ಥನೆ ಮುಗಿಯುವವರೆಗೂ ಸೆರಗು ಹೊದ್ದು ಅಲ್ಲೇ ಇದ್ದಳು.