ನೋಯೆಲ್ ಅಂಕಲ್ ಬಾಯಿಂದ ನಾನು ಕಿತ್ತ ಮಾತು

ನೋಯೆಲ್ ಅಂಕಲ್ ಬಾಯಲ್ಲಿ ‘ಬಗ್ಗರ್’ ಬಾರದೆ ಒಂದು ಮಾತೂ ಮುಗಿಯುತ್ತಿರಲಿಲ್ಲ. ಹಾಲಿನವನು, ಅವರ ಮುದಿ ನಾಯಿ, ಚರ್ಚಿನ ಪಾದ್ರಿ, ನಾನು, ಎಲ್ಲರೂ ಬಗ್ಗರ್‌ಗಳೇ. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದ ಆಂಗ್ಲೋ ಇಂಡಿಯನ್. ಮರ್ಫಿ ಟೌನಿನ ತಮ್ಮ ಮನೆಯ ಜಗಲಿಯಲ್ಲಿ ನಮ್ಮಂಥ ಹುಡುಗಿಯರಿಗೆ ಪುಕ್ಕಟೆಯಾಗಿ ಇಂಗ್ಲಿಷ್ ಕಲಿಸುತ್ತಿದ್ದರು.

“ಏ ಬಗ್ಗರ್, ಬಾಯಿ ಬಿಟ್ಟು ಮಾತಾಡು! ನೀನು ತಪ್ಪು ಮಾಡಿದ್ರೆ ಇಂಗ್ಲಿಷೇನು ಸತ್ತೋಗಲ್ಲ,” ಎನ್ನುವರು. ಅಮ್ಮನಿಗೂ, “ನಿಮ್ ಬಗ್ಗರ್‌ಗೆ ಕೆಲ್ಸ ಸಿಗುತ್ತೆ ಕಣಮ್ಮ,” ಎಂದೇ ಭರವಸೆ. ಅದೇನೋ ‘ಚಿನ್ನ’ ಎನ್ನುವಂಥ ಮಾತೆಂದು ಅಮ್ಮ ಹಿಗ್ಗುತ್ತಿದ್ದಳು. ಇಂಟರ್‌ವ್ಯೂ ದಿನ ಅಂಕಲ್ ಕೋಟು ತೊಟ್ಟು, ಬಸ್ಸಿನಲ್ಲಿ ಜೊತೆಗೆ ಬಂದು, ಇಂದಿರಾನಗರದ ಒಂದು ಕಾಲ್ ಸೆಂಟರಿನ ಗೇಟಿನ ಬಳಿ ಎರಡು ಗಂಟೆ ಕಾದರು. ಕೆಲಸ ಸಿಕ್ಕಿತು.

ಇಂಗ್ಲೆಂಡಿನ ಗಿರಾಕಿಗಳು ಫೋನಿನಲ್ಲಿ ಬೈದರೆ ಗಾಬರಿಯಾಗಬಾರದೆಂದು ತರಬೇತಿಯಲ್ಲಿ ಬೈಗುಳಗಳ ಪಟ್ಟಿ ಕೊಟ್ಟರು, ಅರ್ಥ ಮತ್ತು ಮೂಲದ ಸಮೇತ. ಅದರಲ್ಲಿ ಅಂಕಲ್ ಮಾತೂ ಇತ್ತು. ಹಿಂದೆ ಯುರೋಪಿನಲ್ಲಿ ಬಲ್ಗೇರಿಯದ ಕಡೆಯ ಒಂದು ಪಂಥದವರನ್ನು ಧರ್ಮಭ್ರಷ್ಟರೆಂದು ಹೀಗಳೆಯಲು ಹುಟ್ಟಿದ ಹೆಸರಂತೆ. ಅವರ ಮೇಲೆ ಇಲ್ಲದ ಹೇಸಿಗೆ ಹೊರಿಸಿ, ಕೊನೆಗೆ ಆ ಹೆಸರೇ ಗುದಸಂಭೋಗ ಮಾಡುವವನು ಎಂಬ ಬೈಗುಳವಾಯಿತಂತೆ. ಓದಿ ನನ್ನ ಕಿವಿ ಬಿಸಿಯಾಯಿತು. ಇದನ್ನೇ ಅಲ್ಲವೇ ಆತ ಅಮ್ಮನೆದುರು ನನಗೆ ಅಂದದ್ದು!

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಬಂದದ್ದು ಬರೀ ಒಂದು ಹಾಳೆಯ ವಿದ್ಯೆ. ಭಾನುವಾರ ಅದನ್ನು ಹಿಡಿದು ಹೋಗಿ, ಜಗಲಿ ತುಂಬ ಕೂತಿದ್ದ ಹುಡುಗಿಯರ ಮುಂದೆ, ಅವರೇ ಕಲಿಸಿದ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದೆ. “ಇನ್ಮೇಲೆ ಯಾರಿಗೂ ಹಾಗನ್ಬೇಡಿ ಅಂಕಲ್, ಅಸಹ್ಯ,” ಎಂದೆ.

ಅವರು ಕನ್ನಡಕ ತೆಗೆದರು. “ನಂಗೊತ್ತಿರ್ಲಿಲ್ಲಮ್ಮ... ನಮ್ಮ ಡ್ಯಾಡಿ ನನ್ನ ಎತ್ಕೊಂಡು ಮುದ್ದು ಮಾಡ್ವಾಗ್ಲೂ ಹಾಗೇ ಕರೀತಿದ್ರು.” ಒಬ್ಬೊಬ್ಬ ಹುಡುಗಿಗೂ ಕೈಮುಗಿದು ಕ್ಷಮೆ ಕೇಳಿದರು. ನನಗೆ ಆಗಲೂ ಗೆದ್ದ ಹಮ್ಮೇ ಇತ್ತು, ಬರೆಯಲು ನಾಚಿಕೆಯಾಗುತ್ತದೆ. ಸುದ್ದಿ ಬೀದಿಗೆಲ್ಲ ಹರಡಿ, ತಾಯಂದಿರು ಹುಡುಗಿಯರನ್ನು ಕಳಿಸುವುದು ನಿಲ್ಲಿಸಿದರು. ಪಾಠವೂ ನಿಂತಿತು.

ಅವರನ್ನು ಕೊನೆಯ ಸಲ ಕಂಡದ್ದು ಎರಡು ವರ್ಷದ ಮೇಲೆ, ರಸೆಲ್ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ. ಅಷ್ಟರಲ್ಲಿ ಎಷ್ಟೋ ಗಿರಾಕಿಗಳು ಫೋನಿನಲ್ಲಿ ನನಗೆ ಆ ಮಾತು ಅಂದಿದ್ದರು. ಒಬ್ಬರೂ ಅಂಕಲ್ ಅಂದಂತೆ ಅಂದಿರಲಿಲ್ಲ.

“ತಪ್ಪಾಯ್ತು ಅಂಕಲ್. ಮೊದಲಿನ ಥರಾನೇ ಕರೀರಿ ನನ್ನ,” ಎಂದೆ.

ಅವರ ತುಟಿ ಅಲುಗಿತು. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಹೆಂಗಸರ ಕಡೆ ಒಮ್ಮೆ ಅಂಜಿಕೆಯಿಂದ ನೋಡಿ, ಒಂದು ಹೆಜ್ಜೆ ಹಿಂದೆ ಸರಿದರು.

“ಹುಷಾರಾಗಿ ಹೋಗಿ, ಮೇಡಂ.”