ಅಮ್ಮ ತೊಳೆದ ರೈಫಲ್

"ನಂಬರ್ ಯಾಕಮ್ಮಾ ಅಳಿಸಿದ್ರಿ?"

"ಅಳಿಸ್ಲಿಲ್ಲ ಸಾರ್. ತೊಳೆದೆ."

"ಯಾತರಲ್ಲಿ?"

"ಹುಣಸೇಹಣ್ಣಲ್ಲಿ."

ಕಳೆದ ತಿಂಗಳ ಮೂರನೇ ಮಂಗಳವಾರ. ಜಾಗ, ಒಂದು ಪೊಲೀಸ್ ಠಾಣೆ. (ಯಾವ ಠಾಣೆ ಅಂತ ಕೇಳಬೇಡಿ. ನಾವು ಈ ಊರಲ್ಲೇ ಬಾಳಬೇಕು.) ಮೇಜಿನ ಮೇಲೆ ನನ್ನ ಅಕ್ಕನ ರೈಫಲ್. ಆಚೆ ಇನ್‌ಸ್ಪೆಕ್ಟರ್. ಈಚೆ ಅಪ್ಪ, ಅಕ್ಕ, ನಾನು. ನಮ್ಮೆಲ್ಲರ ಮುಂದೆ ಅಮ್ಮ. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಸೀರೆ, ಮುಖದಲ್ಲಿ ತಪ್ಪು ಮಾಡಿದ ಲಕ್ಷಣವೇ ಇಲ್ಲ.

"ನಂಬರ್ ಅಳಿಸಿರೋ ವೆಪನ್ ಅಂದ್ರೆ ಏನು ಗೊತ್ತಾ? ಕಾನೂನಲ್ಲಿ ಅದು ಸಣ್ಣ ವಿಷಯ ಅಲ್ಲ."

"ಗೊತ್ತಿಲ್ಲ ಸಾರ್. ನಮ್ಮನೇಲಿ ದೀಪದ ಕಂಬಾನೂ ಹಂಗೇ ತೊಳಿಯೋದು."

ನೀವು ನಗುತ್ತಿದ್ದೀರಿ. ನಗಿ. ನಾನೂ ಆವತ್ತು ಬಾಯಿಗೆ ಕರ್ಚೀಫ್ ಒತ್ತಿಕೊಂಡಿದ್ದೆ. ಈಗ ನಗು ಹೋಗಿದೆ. ಸಿಟ್ಟು ಮಾತ್ರ ಉಳಿದಿದೆ.

ಮೊದಲಿಂದ ಹೇಳುತ್ತೇನೆ. ನನ್ನಕ್ಕ ಗಿರಿಜಾ ಫಿಸಿಯೊಥೆರಪಿಸ್ಟ್. ವಾರವೆಲ್ಲ ಚಾಮರಾಜಪೇಟೆಯ ಹಿಡಿದುಕೊಂಡ ಸೊಂಟಗಳನ್ನು ಬಿಡಿಸುತ್ತಾಳೆ. ಭಾನುವಾರ ಶೂಟಿಂಗ್ ರೇಂಜ್. ಹತ್ತು ಮೀಟರ್ ಏರ್ ರೈಫಲ್. ("ಯಾವ ಸಿನಿಮಾ ಶೂಟಿಂಗು?" ಎಂದು ಕೇಳಿದವರ ಲೆಕ್ಕ ನನ್ನ ಡೈರಿಯಲ್ಲಿದೆ. ಅವಳನ್ನು ನೋಡಲು ಬಂದ ಗಂಡುಗಳೂ ಅದರಲ್ಲಿ ಸೇರಿದ್ದಾರೆ.) ಗುರಿಯ ನಡುವಿನ ಚುಕ್ಕಿ ಸಾಸಿವೆ ಕಾಳಿಗಿಂತ ಚಿಕ್ಕದು. ಅದಕ್ಕೆ ಹೊಡೆಯಬೇಕು. ಮತ್ತೆ ಅದಕ್ಕೇ ಹೊಡೆಯಬೇಕು. ಒಂಬತ್ತು ವರ್ಷದಿಂದ ಹೊಡೆಯುತ್ತಿದ್ದಾಳೆ. ರಾಜ್ಯ ಮಟ್ಟದ ಪದಕಗಳು ದೇವರ ಗೂಡಿನ ಪಕ್ಕದ ಮೊಳೆಯಲ್ಲಿ ನೇತಾಡುತ್ತಿವೆ.

ಅಕ್ಕ ಎಡಚಿ. ಅವಳ ರೈಫಲ್ ಕೂಡ. ಅದರ ಹಿಡಿ ಅವಳ ಅಂಗೈಗೆ, ಹಿಂಭಾಗ ಅವಳ ಭುಜಕ್ಕೆ, ಕೆನ್ನೆ ಒರಗಿಸುವ ಮರದ ತುಂಡು ಅವಳ ಕೆನ್ನೆಗೆ ಸರಿಯಾಗಿ ಕೆತ್ತಿದ್ದು. ಬೇರೆಯವರು ಹಿಡಿದರೆ ಅದು ಕಂಬ. ಅವಳು ಹಿಡಿದರೆ ಅವಳದೇ ಇನ್ನೊಂದು ತೋಳು.

ಆಸ್ಟ್ರೇಲಿಯಾದ ಎರಡು ಊರುಗಳಿಂದ ಅವಳಿಗೆ ಕೆಲಸದ ಕರೆ ಬಂತು. ದೊಡ್ಡ ಊರನ್ನು ಬಿಟ್ಟು ಸಣ್ಣ ಊರನ್ನು ಆರಿಸಿಕೊಂಡಳು. ಕಾರಣ ಒಂದೇ. ಸಣ್ಣ ಊರಲ್ಲಿ ರೇಂಜ್ ಇದೆ. ರೈಫಲ್ ಜೊತೆಗೆ ಹೋಗಲೇಬೇಕು. ಇಲ್ಲದಿದ್ದರೆ ಹೋಗುವ ಅರ್ಥವೇ ಅರ್ಧವಾಗುತ್ತದೆ.

ಆದರೆ ಪರದೇಶಿಯೊಬ್ಬಳು ನಿಮ್ಮೂರಿಗೆ ಬರುತ್ತೇನೆ, ರೈಫಲ್ ತರುತ್ತೇನೆ ಅಂದರೆ ಆ ಊರು ಸುಮ್ಮನಿರುತ್ತದಾ? ನಮ್ಮ ದೇಶದಲ್ಲಿ ಈ ಬಗೆಯ ಗಾಳಿ ರೈಫಲ್‌ಗೆ ಲೈಸೆನ್ಸ್ ಬೇಡ. ಅಲ್ಲಿ ಬೇಕು. ಅಲ್ಲಿನ ಕಾನೂನಿಗೆ ಇದು ಫೈರ್‌ಆರ್ಮ್. (ಒಳಗೆ ಬೆಂಕಿಯೂ ಇಲ್ಲ, ಮದ್ದೂ ಇಲ್ಲ. ಬರೀ ಗಾಳಿ.) ಅವರು ಕೇಳಿದರು: ಯಾವ ಕಂಪನಿ, ಯಾವ ನಂಬರ್, ಯಾವ ಕ್ಲಬ್, ಎಲ್ಲಿ ಇಡುತ್ತೀರಿ? ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಪೆಟ್ಟಿಗೆ ತೋರಿಸಿ. ಗೋಡೆಯೇ ಇನ್ನೂ ಸಿಕ್ಕಿಲ್ಲದವಳು ಪೆಟ್ಟಿಗೆ ಎಲ್ಲಿಗೆ ಹೊಡೆಯಬೇಕು? ಅಕ್ಕ ಬೈದುಕೊಂಡಳು. ಆದರೂ ಇಲ್ಲಿಂದಲೇ ಬಾಡಿಗೆ ಮನೆ ಹಿಡಿದು, ಮಾಲೀಕರನ್ನು ಕಾಡಿ, ಪೆಟ್ಟಿಗೆ ಬಿಗಿಸಿ, ಫೋಟೊ ಕಳಿಸಿದಳು. ಅನುಮತಿ ಬಂತು.

ಅಲ್ಲಿನ ಪ್ರಶ್ನೆಗಳನ್ನೆಲ್ಲ ನಾನು ಡೈರಿಯಲ್ಲಿ ಒಂದು ಕಾಲಂನಲ್ಲಿ ಬರೆದಿಟ್ಟೆ. ಇಲ್ಲಿನವರು ಕೇಳಿದ್ದನ್ನು ಪಕ್ಕದ ಕಾಲಂನಲ್ಲಿ. ಎಡಗಡೆ ಇದ್ದದ್ದೆಲ್ಲ ರೈಫಲ್ ಬಗ್ಗೆ. ಬಲಗಡೆ ನೋಡಿ: ಮದುವೆ ಆಗಿದ್ಯಾ? ಯಾಕೆ ಆಗಿಲ್ಲ? ಮನೇಲಿ ಗಂಡುಮಕ್ಕಳಿಲ್ವಾ? ಹೆಣ್ಣುಮಗಳಿಗೆ ಬಂದೂಕು ಯಾಕೆ? ಒಬ್ಬಳೇ ಹೋಗೋದಾ? ರೈಫಲ್‌ನ ಗುಂಡು ಎಷ್ಟು ದೂರ ಹೋಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಅಕ್ಕ ಎಷ್ಟು ದೂರ ಹೋಗುತ್ತಾಳೆ ಎಂಬುದೇ ಎಲ್ಲರ ಚಿಂತೆ.

ದೊಡ್ಡಪ್ಪ ಮನೆಗೆ ಬಂದವರೇ ಕಾಫಿ ಲೋಟ ಕೆಳಗಿಡುವ ಮುಂಚೆ ತೀರ್ಪು ಕೊಟ್ಟರು. "ಇಷ್ಟೆಲ್ಲ ಯಾಕ್ ಒದ್ದಾಡ್ತೀಯೇ? ಅಲ್ಲೇ ಒಂದು ತಗೊಂಡ್ರಾಯ್ತಪ್ಪ."

"ಕಾಶಿಗೆ ಹೋಗ್ವಾಗ ನಿಮ್ಮ ಹಲ್ಲಿನ ಸೆಟ್ ಇಲ್ಲೇ ಬಿಟ್ಟು, ಅಲ್ಲೇ ಒಂದು ತಗೊಳ್ತೀರಾ ದೊಡ್ಡಪ್ಪ?" ಎಂದಳು ಅಕ್ಕ.

ದೊಡ್ಡಪ್ಪ ಆವತ್ತು ಚಕ್ಕುಲಿ ಮುಟ್ಟಲಿಲ್ಲ.

ಆಮೇಲೆ ವಿಮಾನ ಕಂಪನಿ. "ಲೋಕಲ್ ಪೊಲೀಸರಿಂದ ಒಂದು ಲೆಟರ್ ತನ್ನಿ ಮೇಡಂ. ಇದಕ್ಕೆ ಲೈಸೆನ್ಸ್ ಬೇಡ ಅಂತ." ಸರಿ, ಠಾಣೆಗೆ ಹೋದೆವು. ಇನ್‌ಸ್ಪೆಕ್ಟರ್ ಒಳ್ಳೆಯ ಮನುಷ್ಯರೇ. ಕೂರಿಸಿ ಮಾತಾಡಿದರು.

"ಲೈಸೆನ್ಸೇ ಬೇಡದ ಸಾಮಾನಿಗೆ ನಾನು ಹೆಂಗಮ್ಮ ಲೆಟರ್ ಕೊಡ್ಲಿ? ನಾಳೆ ಲಟ್ಟಣಿಗೇಗೂ ಲೆಟರ್ ಕೇಳ್ತೀರಾ?"

"ಲಟ್ಟಣಿಗೆಗೆ ಏರ್‌ಲೈನ್ಸ್‌ನೋರು ಕೇಳಲ್ಲ ಸಾರ್."

"ಕೇಳ್ಬೇಕು. ನಮ್ಮನೇಲಿ ಅದೇ ಡೇಂಜರ್."

ಎಲ್ಲರೂ ನಕ್ಕರು. ಲೆಟರ್ ಸಿಗಲಿಲ್ಲ. ಎರಡನೇ ಸಲವೂ ನಗು ಸಿಕ್ಕಿತು, ಲೆಟರ್ ಸಿಗಲಿಲ್ಲ. ವಿಮಾನದ ಟಿಕೆಟ್ ಆಗಿತ್ತು. ಮೂರನೇ ಸಲ ಅಪ್ಪ ಬಂದರು. ತರಗುಪೇಟೆಯಲ್ಲಿ ಬೇಳೆ ಮಂಡಿ ಇಟ್ಟುಕೊಂಡಿರುವ ಅಪ್ಪನಿಗೆ ಕೈಮುಗಿದು ನಿಲ್ಲುವುದು ಗೊತ್ತು. ಇನ್‌ಸ್ಪೆಕ್ಟರ್ ಕರಗಿದರು. "ಮಂಗಳವಾರ ಐಟಂ ತನ್ನಿ. ನಂಬರ್ ನೋಡಿ ಬರ್ಕೊಡ್ತೀನಿ."

ಇಲ್ಲಿ ಅಮ್ಮನ ಪ್ರವೇಶ.

ಆಯುಧ ಪೂಜೆಯ ದಿನ ನಮ್ಮ ಮಂಡಿಯಲ್ಲಿ ತಕ್ಕಡಿ, ಸೇರು, ಕಂಪ್ಯೂಟರ್, ಅಪ್ಪನ ಸ್ಕೂಟರ್ ಎಲ್ಲಕ್ಕೂ ಪೂಜೆ. ಒಂಬತ್ತು ವರ್ಷದಿಂದ ಆ ಸಾಲಿನಲ್ಲಿ ಅಕ್ಕನ ರೈಫಲ್ ಕೂಡ. ಮೂರು ಗೆರೆ ವಿಭೂತಿ, ನಡುವೆ ಕುಂಕುಮ, ಮೇಲೊಂದು ಸೇವಂತಿಗೆ. ಎಲ್ಲಕ್ಕೂ ಹಣೆ ಬೇಕಲ್ಲ? ರೈಫಲ್‌ನ ಹಣೆ ಯಾವುದು? ನಂಬರ್ ಇರುವ ಚಪ್ಪಟೆ ಜಾಗವೇ ಹಣೆ ಎಂದು ಮೊದಲ ವರ್ಷ ಅಮ್ಮ ತೀರ್ಮಾನಿಸಿದ್ದಳು. ಅಲ್ಲಿಗೇ ಪ್ರತಿ ವರ್ಷ ಕುಂಕುಮ. ಅದು ಒಣಗಿ ಕಂದಾಗಿ ಅಂಟಿಕೊಂಡಿತ್ತು.

ಸೋಮವಾರ ಅಮ್ಮನಿಗೆ ಯೋಚನೆ ಬಂತು. ಪೊಲೀಸರು ನೋಡುತ್ತಾರೆ. ಆಮೇಲೆ ಪರದೇಶದವರು ನೋಡುತ್ತಾರೆ. ಕುಂಕುಮದ ಕಲೆಯನ್ನು ರಕ್ತ ಅಂದುಕೊಂಡರೆ? ಮಗಳ ಗತಿ ಏನು? ಹುಣಸೇಹಣ್ಣು ನೆನೆಹಾಕಿದಳು. ಬೂದಿ ಸೇರಿಸಿದಳು. ತೆಂಗಿನ ನಾರು ತಗೊಂಡಳು. ತಿಕ್ಕಿದಳು.

ಕುಂಕುಮ ಹೋಯಿತು. ನಂಬರ್ ಆಳವಾಗಿ ಕೊರೆದದ್ದಲ್ಲ, ಮೇಲಿನ ಕಪ್ಪು ಪದರದ ಮೇಲೆ ಮೂಡಿಸಿದ್ದು. ಪದರದ ಜೊತೆ ಕೊನೆಯ ಎರಡು ಅಂಕಿಯೂ ಹೋದವು. ಉಳಿದ ಜಾಗ ಪಂಚಪಾತ್ರೆಯ ಹಾಗೆ ಫಳಫಳ. ಠಾಣೆಯ ಮೇಜಿನ ಮೇಲೆ ಪೆಟ್ಟಿಗೆ ತೆರೆದಾಗಲೇ ನಮಗೆ ಗೊತ್ತಾದದ್ದು.

ಅಮ್ಮನ ಮೇಲೆ ಸಿಟ್ಟು ಬರಲಿಲ್ಲವಾ? ಬಂತು. ತೊಳೆದದ್ದಕ್ಕಲ್ಲ. ಒಂಬತ್ತು ವರ್ಷ ಆ ರೈಫಲ್‌ಗೆ ಹೂ ಮುಡಿಸಿದ ಮನೆಯಿಂದ ಒಬ್ಬರಾದರೂ ರೇಂಜ್‌ಗೆ ಹೋಗಿ ಅವಳು ಗುರಿಯಿಡುವುದನ್ನು ನೋಡಿದ್ದಾರಾ? ಅಪ್ಪ ಇಲ್ಲ, ಅಮ್ಮ ಇಲ್ಲ. ನಮ್ಮಲ್ಲಿ ಇದೊಂದು ಚೆಂದ. ಸಾಮಾನಿಗೆ ಕೈ ಮುಗಿಯುತ್ತೇವೆ. ಅದನ್ನು ಹಿಡಿದ ಕೈ ಏನು ಮಾಡುತ್ತದೆ ಎಂದು ಕೇಳುವುದಿಲ್ಲ.

ಠಾಣೆಗೆ ವಾಪಸ್ ಬರೋಣ. ಮೊದಲ ಸಲ ಬಂದಾಗ ಲಟ್ಟಣಿಗೆಯ ಸಮ ಇದ್ದ ವಸ್ತು ಈಗ 'ವೆಪನ್' ಆಗಿತ್ತು. ಇನ್‌ಸ್ಪೆಕ್ಟರ್ ದನಿ ಬದಲಾಗಿತ್ತು. "ಇದನ್ನ ಇಲ್ಲೇ ಬಿಟ್ಟು ಹೋಗಿ. ಎನ್‌ಕ್ವೈರಿ ಆಗ್ಬೇಕು."

ಅಪ್ಪನ ಮುಖ ಬೆಳ್ಳಗಾಯಿತು. ಅಕ್ಕ ಬ್ಯಾಗಿನಿಂದ ಆಲೆನ್ ಕೀ ತೆಗೆದಳು. ರೈಫಲ್ ತಿರುಗಿಸಿ ಸ್ಕ್ರೂ ಬಿಚ್ಚತೊಡಗಿದಳು.

"ಏಯ್! ಏಯ್! ಬಿಚ್ಬೇಡಿ! ಯಾರ್ರೀ ಬಿಚ್ಚಕ್ ಹೇಳಿದ್ದು?"

ಕಾನ್‌ಸ್ಟೇಬಲ್ ಒಬ್ಬರು ಬೀರುವಿನ ಹಿಂದೆ ಸರಿದರು. (ಗಾಳಿಯ ಸಿಲಿಂಡರ್ ಬಿಚ್ಚಿ ಮನೆಯಲ್ಲೇ ಬಿಟ್ಟು ಬಂದಿದ್ದೆವು. ಅದು ಆಗ ಉಗುರೂ ಕತ್ತರಿಸದ ಸ್ಥಿತಿಯಲ್ಲಿತ್ತು.) ಅಕ್ಕ ಮರದ ಭಾಗ ಎತ್ತಿದಳು. ಒಳಗೆ, ನಳಿಗೆಯ ಬುಡದಲ್ಲಿ, ಅದೇ ನಂಬರ್. ಪೂರ್ತಿ. ಹುಣಸೇಹಣ್ಣು ತಲುಪದ ಜಾಗ.

"ಓದ್ಕೊಳ್ಳಿ ಸಾರ್."

ಇನ್‌ಸ್ಪೆಕ್ಟರ್ ಕನ್ನಡಕ ಏರಿಸಿ ಅನುಮತಿ ಪತ್ರದ ಜೊತೆ ತಾಳೆ ನೋಡಿದರು. ಸರಿಯಿತ್ತು. ನಿಟ್ಟುಸಿರು ಬಿಟ್ಟರು. ಟೀ ತರಿಸಿದರು. ಲೆಟರ್ ಬರೆಸಿದರು. ಅಕ್ಕ ಓದಿದಳು. 'ಸದರಿ ವಸ್ತುವು ಆಟಿಕೆ ಬಂದೂಕಾಗಿದ್ದು...'

"ಸಾರ್, ಆಟಿಕೆ ಅಲ್ಲ ಇದು. ಕ್ರೀಡಾ ರೈಫಲ್ ಅಂತ ಬರೆಸಿ."

"ರೈಫಲ್ ಅಂತ ಬರೆದ್ರೆ ಮೇಲಿನೋರು ಲೈಸೆನ್ಸ್ ಎಲ್ಲಿ ಅಂತಾರಮ್ಮ. ಆಟಿಕೆ ಅಂದ್ರೆ ಯಾರೂ ಕೇಳಲ್ಲ. ನಿಮ್ ಒಳ್ಳೇದಕ್ಕೇ ಹೇಳ್ತಿರೋದು."

"ಒಂಬತ್ತು ವರ್ಷ ನಾನೇನ್ ಗೋಲಿ ಆಡ್ತಿದ್ನಾ ಸಾರ್?"

"ಏನಾದ್ರೂ ಬರ್ಕೊಳ್ಲಿ ಬಿಡೇ," ಎಂದರು ಅಪ್ಪ. "ಹೋಗೋದು ಮುಖ್ಯ."

ಅಕ್ಕ ಅಪ್ಪನನ್ನು ನೋಡಿದಳು. ಲೆಟರ್ ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ಒಂದೇ ಮೇಜು, ಒಂದೇ ಬೆಳಗ್ಗೆ, ಒಂದೇ ವಸ್ತು. ನಂಬರ್ ಕಾಣದಿದ್ದಾಗ ಅದು ಅಪರಾಧ. ಕಂಡ ಮೇಲೆ ಆಟಿಕೆ. ನಡುವೆ ಇನ್ನೊಂದು ಪದವಿದೆಯಲ್ಲ ಸ್ವಾಮಿ, ಕ್ರೀಡೆ? ಗಲ್ಲಿ ಕ್ರಿಕೆಟ್‌ನ ಬ್ಯಾಟ್‌ನಲ್ಲಿ ಎಷ್ಟು ತಲೆ ಒಡೆದಿವೆ ಎಂದು ಬಸವನಗುಡಿಯ ಯಾವ ಕ್ಲಿನಿಕ್‌ನಲ್ಲಿ ಬೇಕಾದರೂ ವಿಚಾರಿಸಿ. ಬ್ಯಾಟ್ ಹೊತ್ತು ವಿಮಾನ ಹತ್ತುವ ಹುಡುಗನನ್ನು ಯಾರಾದರೂ ಮದುವೆ ಆಗಿದ್ಯಾ ಅಂತ ಕೇಳಿದ್ದಾರಾ? ಸೆಲ್ಫಿ ಕೇಳುತ್ತಾರೆ.

ವಿಮಾನ ನಿಲ್ದಾಣ. ಕೌಂಟರ್‌ನ ಹುಡುಗಿ ವಿನಯವಂತೆ. ಎರಡು ಪತ್ರಗಳನ್ನು ಅಕ್ಕಪಕ್ಕ ಇಟ್ಟಳು.

"ಮೇಡಂ, ಇದ್ರಲ್ಲಿ ಫೈರ್‌ಆರ್ಮ್ ಅಂತಿದೆ. ಇದ್ರಲ್ಲಿ ಆಟಿಕೆ ಅಂತಿದೆ. ನಾನು ಯಾವ್ದು ಹಾಕ್ಲಿ?"

"ಫೈರ್‌ಆರ್ಮ್ ಅಂತಾನೇ ಹಾಕಿ."

"ಹಾಗಾದ್ರೆ ಇಲ್ಲಿನ ಲೈಸೆನ್ಸ್ ಕೊಡಿ."

"ಇದಕ್ಕೆ ಇಲ್ಲಿ ಲೈಸೆನ್ಸ್ ಬೇಡ. ಅದಕ್ಕೇ ಆ ಲೆಟರ್."

"ಲೆಟರ್‌ನಲ್ಲಿ ಆಟಿಕೆ ಅಂತಿದೆಯಲ್ಲ ಮೇಡಂ. ಆಟಿಕೆಗೆ ಆಸ್ಟ್ರೇಲಿಯಾ ಪೊಲೀಸರ ಪರ್ಮಿಷನ್ ಯಾಕೆ?"

ಮೇಲಧಿಕಾರಿ ಬಂದರು. ಅವರೂ ಎರಡು ಪತ್ರ ನೋಡಿದರು. ಅವರೂ ವಿನಯವಂತರು. "ಎರಡೂ ಕಡೆ ಒಂದೇ ಹೆಸರು ಇದ್ದಿದ್ರೆ ಕಳಿಸ್ತಿದ್ವಿ ಮೇಡಂ. ನಾವು ಹೆಲ್ಪ್‌ಲೆಸ್." ಇಡೀ ದೇಶವೇ ಹೆಲ್ಪ್‌ಲೆಸ್. ಸಹಾಯ ಬೇಕಾದವರು ಮಾತ್ರ ಕೈಲಿ ಪತ್ರ ಹಿಡಿದು ನಿಲ್ಲಬೇಕು.

ಕೌಂಟರ್ ಮುಚ್ಚುವ ಹೊತ್ತಾಯಿತು. ಕೆಲಸಕ್ಕೆ ಸೇರುವ ದಿನ ಮುಂದೆ ಹೋಗುವಂತಿರಲಿಲ್ಲ. ಅಕ್ಕ ನೆಲದ ಮೇಲೇ ಕೂತು ರೈಫಲ್ ಪೆಟ್ಟಿಗೆ ತೆರೆದಳು. ಕೆನ್ನೆಯ ಮರದ ತುಂಡನ್ನು ಬಿಚ್ಚಿ ಹ್ಯಾಂಡ್‌ಬ್ಯಾಗಿಗೆ ಹಾಕಿಕೊಂಡಳು. ಪೆಟ್ಟಿಗೆ ಮುಚ್ಚಿ ಅಪ್ಪನ ಕಡೆ ತಳ್ಳಿದಳು.

"ತಪ್ಪಾಯ್ತೇನೋ ಕಣೇ. ಆವತ್ತು ನಾನು ಸುಮ್ನಿರ್ಬೇಕಿತ್ತು," ಎಂದರು ಅಪ್ಪ.

"ನೀವು ಸುಮ್ನೇ ಇದ್ರಿ ಅಪ್ಪ. ಒಂಬತ್ತು ವರ್ಷ," ಎಂದಳು ಅಕ್ಕ. ಒಳಗೆ ಹೋದಳು. ತಿರುಗಿ ನೋಡಲಿಲ್ಲ.

ಅಲ್ಲಿನ ಕ್ಲಬ್‌ನಲ್ಲಿ ಅವಳಿಗೊಂದು ರೈಫಲ್ ಕೊಟ್ಟಿದ್ದಾರಂತೆ. ಬಲಗೈಯವರದ್ದು. "ಯಾರದ್ದೋ ಚಪ್ಪಲಿ ಹಾಕ್ಕೊಂಡು ಓಡ್ದಂಗಿದೆ" ಎಂದು ಫೋನಿನಲ್ಲಿ ಹೇಳಿದಳು. ಗೋಡೆಗೆ ಬಿಗಿದ ಪೆಟ್ಟಿಗೆ ಖಾಲಿ. ಪರಿಶೀಲನೆಗೆ ಬಂದ ಅಲ್ಲಿನ ಪೊಲೀಸಮ್ಮ ಖಾಲಿ ಪೆಟ್ಟಿಗೆ ನೋಡಿ, ಚೆನ್ನಾಗಿ ಬಿಗಿಸಿದ್ದೀರಿ ಎಂದು ಹೊಗಳಿ ಹೋದಳಂತೆ.

ರೈಫಲ್ ನಮ್ಮ ಮನೆಯ ಮಂಚದ ಕೆಳಗಿದೆ. ಹೊಸ ಲೆಟರ್ ಕೇಳಿ ಅಪ್ಪ ಮತ್ತೆ ಅರ್ಜಿ ಹಾಕಿದ್ದಾರೆ. ಈ ಸಲ 'ಕ್ರೀಡಾ ರೈಫಲ್' ಎಂಬ ಎರಡು ಪದಕ್ಕೆ ಅವರೇ ಕೆಂಪು ಇಂಕಿನಲ್ಲಿ ಅಡಿಗೆರೆ ಎಳೆದಿದ್ದಾರೆ. ಉತ್ತರ ಬಂದಿಲ್ಲ. ಠಾಣೆಯಿಂದ ಒಂದು ಫೋನ್ ಮಾತ್ರ ಬಂತು. ನಾನೇ ಎತ್ತಿದೆ.

"ಆ ಆಟಿಕೆ ಮನೇಲೇ ಇದ್ಯೇನಮ್ಮಾ?"

"ಇದೆ ಸಾರ್."

"ಹುಷಾರು. ಬೀಗ ಹಾಕಿಡಿ. ಯಾರ ಕೈಗೂ ಕೊಡ್ಬೇಡಿ."

ಆಟಿಕೆಗೆ ಬೀಗ ಹಾಕಿಸುವ ಊರಲ್ಲಿ ಆಡುವವರು ಎಲ್ಲಿಗೆ ಹೋಗಬೇಕು?