ಕಲ್ಲು ಹಾಗೇ ಇದೆ ಎಂದಿದ್ದೆ

ಕುಕ್ ಟೌನಿನ ಹಳೆಯ ಬಂಗಲೆಯೊಂದರ ಮುಂಕೋಣೆಯಲ್ಲಿ ಕಲಾ ಇತಿಹಾಸದ ಒಂದು ಸಣ್ಣ ಸಂಘ ನಡೆಯುತ್ತಿತ್ತು. ನಿವೃತ್ತನಾದ ವರ್ಷ ಗೆಳೆಯನೊಬ್ಬನ ಒತ್ತಾಯಕ್ಕೆ ಅಲ್ಲಿನ ಉಪನ್ಯಾಸಕ್ಕೆ ಹೋದೆ. ಮಾತಾಡಿದವರು ಸಂಘದ ಕಾರ್ಯದರ್ಶಿ, ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಮಹಿಳೆ. ಪರದೆಯ ಮೇಲೆ ಅವರು ತೋರಿಸಿದ ವೀರಗಲ್ಲು ಕಗ್ಗದಾಸಪುರದ್ದು, ಜೀವನ್ ಬಿಮಾ ನಗರದ ನನ್ನ ಮನೆಯಿಂದ ದೂರವೇನಲ್ಲ. ಇಪ್ಪತ್ತು ವರ್ಷ ಅದರ ಪಕ್ಕದಲ್ಲೇ ಸ್ಕೂಟರ್ ಓಡಿಸಿದ್ದೆ. ಅದಕ್ಕೆ ಒರಗಿಸಿಟ್ಟ ಪೈಪುಗಳನ್ನು ನೋಡಿದ್ದೆ, ಕಲ್ಲನ್ನು ನೋಡಿರಲಿಲ್ಲ.

ಕಲ್ಲಿನ ಕೆಳಪಟ್ಟಿಯಲ್ಲಿ ದನಗಳನ್ನು ಕಾಯುತ್ತ ಹೋರಾಡುವವನು, ನಡುವೆ ಅವನನ್ನು ತೋಳು ಹಿಡಿದು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದೆದುರು ಕುಳಿತ ಅವನೇ. ಒಬ್ಬಳು ಅಪ್ಸರೆ ಮಾತ್ರ ಕತ್ತು ತಿರುಗಿಸಿ ಕೆಳಗೆ ನೋಡುತ್ತಿದ್ದಾಳೆ. ಹೀಗೆ ಕೆತ್ತಿದ್ದನ್ನು ತಾವು ಬೇರೆಲ್ಲೂ ಕಂಡಿಲ್ಲ ಎಂದರು. ಅಂದೇ ಪೋಷಕ ಸದಸ್ಯತ್ವದ ಅರ್ಜಿ ತುಂಬಿಕೊಟ್ಟೆ.

ಸಂಘದ ಪತ್ರಿಕೆಯ ಒಳಪುಟದಲ್ಲಿ ಪೋಷಕರ ಹೆಸರು ಅಚ್ಚಾಗುತ್ತಿತ್ತು. ನನ್ನದನ್ನು ಹೆಂಡತಿಗೆ ತೋರಿಸಿದೆ, ಬಂದ ನೆಂಟರಿಗೂ ತೋರಿಸಿದೆ. ಕಾರ್ಯದರ್ಶಿಯವರು ನನ್ನಿಂದ ಬಯಸಿದ್ದು ಬೇರೆ. "ನೀವು ಹತ್ರದಲ್ಲೇ ಇದೀರಲ್ವಾ, ತಿಂಗಳಿಗೊಂದ್ಸಲ ಹೋಗಿ ಆ ಕಲ್ಲನ್ನ ನೋಡ್ಕೊಂಡ್ಬನ್ನಿ, ಅಷ್ಟು ಸಾಕು" ಎಂದಿದ್ದರು. ಮೊದಲು ಕೆಲವು ತಿಂಗಳು ಹೋದೆ. ಆಮೇಲೆ ಮಂಡಿನೋವು, ಮದುವೆ ಮುಂಜಿ, ಬರೀ ಸೋಮಾರಿತನ. ಅವರು ಫೋನಿನಲ್ಲಿ ಕೇಳಿದಾಗಲೆಲ್ಲ ಇದೆ ಎನ್ನುತ್ತಿದ್ದೆ.

ಅವರಿಗೆ ಕ್ಯಾನ್ಸರ್ ಎಂದು ತಿಳಿದ ವಾರ ನಾಚಿಕೆಯಾಗಿ ಕಲ್ಲು ನೋಡಲು ಹೊರಟೆ. ಅಲ್ಲಿ ಮೋರಿ ಅಗಲ ಮಾಡಿದ್ದರು. ಕಲ್ಲು ನಿಂತಿದ್ದ ಕಡೆ ಕಾಂಕ್ರೀಟು. ಎದುರಿನ ಬಾಡಿಗೆ ಕೋಣೆಯ ಮುಂದೆ ಬಟ್ಟೆ ಒಗೆಯುತ್ತಿದ್ದ ರಾಯಚೂರು ಕಡೆಯ ಹೆಂಗಸನ್ನು ಕೇಳಿದೆ. ಜೆಸಿಬಿ ಬಂದಿತ್ತು, ಕಲ್ಲನ್ನು ಒಡೆದು ಮೋರಿಯ ತಳಕ್ಕೇ ಹಾಕಿದರು ಎಂದಳು.

"ದಿನಾ ದೀಪ ಹಚ್ತಿದ್ವಿರಿ ಅದಕ್ಕ. ಯಾರಿಗ್ ಹೇಳ್ಬೇಕಂತ ತಿಳಿಲಿಲ್ರಿ."

ಹೇಳಿಸಿಕೊಳ್ಳಬೇಕಿದ್ದವನು ನಾನೇ ಎಂದು ಅವಳಿಗೆ ಹೇಳುವ ಧೈರ್ಯವಾಗಲಿಲ್ಲ.

ಎರಡು ದಿನ ಬಿಟ್ಟು ಹಲಸೂರಿನಲ್ಲಿದ್ದ ಕಾರ್ಯದರ್ಶಿಯವರ ಮನೆಗೆ ಹೋದೆ. ನಿಜ ಹೇಳಲೆಂದೇ ಹೋಗಿದ್ದೆ. ಅವರು ದಿಂಬಿಗೊರಗಿ ಕರಡು ತಿದ್ದುತ್ತಿದ್ದರು. ಆ ಕಲ್ಲಿನ ಬಗ್ಗೆ ಬರೆದ ಲೇಖನವೇ. ಮಣಿಕಟ್ಟು ಕಡ್ಡಿಯಂತಾಗಿ ಬಳೆ ಮೊಣಕೈವರೆಗೂ ಜಾರುತ್ತಿತ್ತು.

"ಕಲ್ಲು ಹೇಗಿದೆ?"

"ಹಾಗೇ ಇದೆ ಮೇಡಂ."

ಅವರ ಮುಖ ಅರಳಿತು. ಕರಡಿನ ಅಂಚಿನಲ್ಲಿ ಏನೋ ಬರೆದುಕೊಂಡರು.

ಸಂಚಿಕೆ ಬಂದಿದ್ದು ಅವರು ತೀರಿಕೊಂಡ ಮೇಲೆ. ಲೇಖನದ ಕೊನೆಗೊಂದು ಅಡಿಟಿಪ್ಪಣಿ ಇತ್ತು. ಕಲ್ಲು ಮೂಲ ಸ್ಥಳದಲ್ಲೇ ಸುರಕ್ಷಿತವಾಗಿದೆ ಎಂಬುದನ್ನು ಸಂಘದ ಪೋಷಕರೊಬ್ಬರು ಕಣ್ಣಾರೆ ಕಂಡು ದೃಢಪಡಿಸಿದ್ದಾರೆ ಎಂದು ಬರೆದು, ನನ್ನ ಹೆಸರು ಹಾಕಿದ್ದರು.

ಸಂತಾಪ ಸಭೆಗೆ ಬಂದವರು ಏಳೇ ಜನ. ಮುಗಿದ ಮೇಲೆ ಅಧ್ಯಕ್ಷರಿಗೆ ನಡೆದದ್ದೆಲ್ಲ ಹೇಳಿ, ತಿದ್ದುಪಡಿ ಹಾಕಿ ಎಂದು ಬೇಡಿಕೊಂಡೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಕುರ್ಚಿ ಮಡಿಸುತ್ತಲೇ, "ಹೋಗ್ಲಿ ಬಿಡಿ ಸಾರ್. ಅದನ್ನ ಓದಿ ಅಲ್ಲಿಗ್ಹೋಗಿ ನೋಡೋರು ಯಾರಿದಾರೆ?" ಎಂದರು.

ಆಮೇಲೆ ಸಂಚಿಕೆ ಬರಲಿಲ್ಲ. ಬಂಗಲೆ ಮಾರಾಟವಾಯಿತು, ಸಂಘ ಮತ್ತೆ ಸೇರಲಿಲ್ಲ. ಆ ಲೇಖನ ಎಷ್ಟೋ ಗ್ರಂಥಾಲಯಗಳಲ್ಲಿದೆ, ಜೊತೆಗೆ ನನ್ನ ಸುಳ್ಳೂ ಇದೆ. ಅದನ್ನು ಅಳಿಸುವ ದಾರಿ ನನಗೆ ಇವತ್ತಿಗೂ ತಿಳಿದಿಲ್ಲ.